ಹಸಿರು ಕಾರಿನ ಒಣಮೀನು

ಜಾಂಗಾನ್‌ಪ್ಯೊಂಗ್ ಬಿಡಿಭಾಗ ಮಾರುಕಟ್ಟೆ, ಸಿಯೋಲ್
6 ನವೆಂಬರ್ 1995

ಮಲ್‌ಸುನ್‌ಗೆ,

ಕಾರಿನ ಸಾಮಾನು ಕೇಳಿ ಬರೆದ ನಿನ್ನ ಚೀಟಿ ತಲುಪಿತು. ಸಾಮಾನು ಕಟ್ಟುವ ಮೊದಲು ಹಳೆಯ ಲೆಕ್ಕ ಒಮ್ಮೆ ಓದಿಬಿಡೋಣ. ಆ ಹಸಿರು ಕಾರಿಗೆ ಇದುವರೆಗೆ ಆದ ಖರ್ಚು ಇಷ್ಟು.

ಹತ್ತು ವರ್ಷ ಓಡಿದ ಕಾರು, ನಿಮ್ಮ ಮದುವೆಯ ಉಡುಗೊರೆಗೆಂದು ನಾನು ಕೊಂಡದ್ದು, ಎಂಟು ಲಕ್ಷ ವಾನ್. ಹಳೆಯದು ಅಂತ ಯಾರೂ ಆಡಿಕೊಳ್ಳದಿರಲಿ ಎಂದು ಹೊಡೆಸಿದ ಹಸಿರು ಬಣ್ಣ, ಒಂದು ಲಕ್ಷ ಇಪ್ಪತ್ತು ಸಾವಿರ. ಪೂಜೆಗೆ ಹಂದಿಯ ತಲೆ, ಅಕ್ಕಿ ಕಡುಬು, ನಾಲ್ಕು ಚಕ್ರಕ್ಕೂ ಸುರಿದ ಅಕ್ಕಿ ಹೆಂಡ, ಎಲ್ಲ ಸೇರಿ ಮೂವತ್ತೈದು ಸಾವಿರ. ಕಾರಿಗೆ ಕೆಡುಕು ತಾಗದಿರಲಿ ಅಂತ ನನ್ನ ಕೈಯಾರೆ ಬಿಳಿ ನೂಲು ಸುತ್ತಿ ಸ್ಟೀರಿಂಗ್ ಕೆಳಗೆ ಕಟ್ಟಿದ ಒಣಮೀನು, ನೂಲಿನ ಸಮೇತ ನಾಲ್ಕು ಸಾವಿರ. ನನ್ನ ತಮ್ಮ, ನಿನ್ನ ಗಂಡ ಚಿಲ್‌ಬೊಕ್, ಒಬ್ಬ.

ಇಷ್ಟರಲ್ಲಿ ನೀನು ಉಳಿಸಿಕೊಂಡದ್ದು ಕಾರು ಮತ್ತು ಬಣ್ಣ. ಕಳೆದ ಜನವರಿಯಲ್ಲಿ ಹಸಿಮಂಜು, ಅರ್ಧ ಹಿಮ ಅರ್ಧ ನೀರು, ಬೀಳುವಾಗ ಅದು ಘಾಟಿಯ ನಡುವೆ ನಿಂತಿತು. ಇಳಿದು ನಡೆದುಹೋದ ತಮ್ಮ ಬೆಳಿಗ್ಗೆ ಹಿಮದಲ್ಲಿ ಸಿಕ್ಕ. ಮರುದಿನ ಬಿಸಿಲಿನಲ್ಲಿ ನಿಮ್ಮೂರ ಗ್ಯಾರೇಜಿನ ಮೇಂಗ್ ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್. "ಕಾರಲ್ಲಿ ಏನೂ ತೊಂದರೆ ಇಲ್ಲ" ಅಂತ ಎಲ್ಲರ ಮುಂದೆ ಹೇಳಿದವನು ಅವನೇ. ಕಾರಿನಲ್ಲಿ ತೊಂದರೆ ಇಲ್ಲವೆಂದಮೇಲೆ ತೊಂದರೆ ಬೇರೆಲ್ಲೋ ಇತ್ತು. ನಾನು ಕಟ್ಟಿದ ಮೀನು ಆ ಕಾರಿನಲ್ಲಿ ಇರಲಿಲ್ಲ. ನಾನೇ ಕಣ್ಣಾರೆ ನೋಡಿದೆ. ಸಾವಿನ ಮನೆಯಲ್ಲಿ ನಾನು ಆಡಿದ ಮಾತನ್ನು ಮತ್ತೆ ಬರೆಯುವುದಿಲ್ಲ. ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ.

ಆದರೆ ಅಂಗಡಿ ತೆರೆದಿಟ್ಟವಳಿಗೆ ಗಿರಾಕಿ ಗಿರಾಕಿಯೇ. ಪಾಯಿಂಟ್ ಸೆಟ್ಟು, ಕಂಡೆನ್ಸರು, ನಾಲ್ಕು ಪ್ಲಗ್ಗು ನಾಳೆಯ ಬಸ್ಸಿಗೆ ಹಾಕುತ್ತೇನೆ. ಹದಿಮೂರು ಸಾವಿರ. ಸಂಬಂಧಿಕರ ರಿಯಾಯಿತಿ ಇಲ್ಲ.

ಪ್ಯೋ ಗಿಲ್‌ಜಾ


ಹ್ವೆಂಗ್ಯೆ
15 ನವೆಂಬರ್ 1995

ಅತ್ತಿಗೆಯವರಿಗೆ ನಮಸ್ಕಾರ.

ಪೊಟ್ಟಣ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು. ಹದಿಮೂರು ಸಾವಿರ ಮನಿಯಾರ್ಡರ್ ಮಾಡಿದ್ದೇನೆ. ನೀವು ಹಾಕಿದ ಗಂಟು ಬಿಚ್ಚಲು ಮೇಂಗ್ ಹಲ್ಲು ಹಚ್ಚಬೇಕಾಯಿತು. "ನಿಮ್ಮತ್ತಿಗೆ ಸಾಮಾನು ಮಾರ್ತಾರೋ ಇಲ್ಲಾ ಬಚ್ಚಿಡ್ತಾರೋ" ಅಂದ. ಬಾಲವನ್ನು ಒಳಗೆ ತೂರಿಸಿ ಎರಡು ಸುತ್ತು ಹಾಕುವ ಆ ಗಂಟನ್ನು ಮೊದಲೂ ನೋಡಿದ್ದೇನೆ, ಆದ್ದರಿಂದ ಕತ್ತರಿ ಹಾಕದೆ ಆಗದು ಅಂತ ಹೇಳಿಕೊಟ್ಟೆ.

ಎಲ್ಲ ಹಾಕಿದ ಮೇಲೆ ಮಧ್ಯಾಹ್ನ ಕಾರು ಚೆನ್ನಾಗಿ ಸ್ಟಾರ್ಟ್ ಆಯಿತು. ಮರುದಿನ ಬೆಳಿಗ್ಗೆ ಮಂಜು ಕವಿದಿತ್ತು. ಎಷ್ಟು ಸಲ ಕೀಲಿ ತಿರುಗಿಸಿದರೂ ಕೆಮ್ಮಲೂ ಇಲ್ಲ. ಹತ್ತು ಗಂಟೆಗೆ ಬಿಸಿಲು ಬಂದಮೇಲೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು.

ಯಾಕೆ ಈಗ ಕಾರು ಬೇಕಾಯಿತು ಅಂತ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಈ ಚಳಿಗಾಲಕ್ಕೆ ತಾಕ್ ಯಜಮಾನರ ಅಟ್ಟಣೆಯಲ್ಲಿ ಮೀನು ಒಣಹಾಕುವ ಕೆಲಸ ನನಗೆ ಸಿಗಲಿಲ್ಲ. ಹೋದ ತಿಂಗಳ ಕೊನೆಯಲ್ಲಿ ಕೈಗವಸು ಹಾಕಿಕೊಂಡು ಹೋಗಿದ್ದೆ.

"ನೀನ್ ಬೇಡಮ್ಮ" ಅಂದಳು ಮೇಸ್ತ್ರಿ ಅಜ್ಜಿ.

"ಹೋದ ವರ್ಷದವರೆಗೂ ಬೇಕಾಗಿದ್ದೆನಲ್ಲ ಅಜ್ಜಿ."

"ಮೀನು ಎಸೆದ ಕೈ ಮೀನು ಮುಟ್ಟಿದ್ರೆ ಚಳಿ ಮುನಿಸ್ಕೊಳ್ಳುತ್ತಂತೆ, ಚಳಿ ಇಲ್ದೆ ಮೀನು ಒಣಗಲ್ವಂತೆ. ನಾನು ಹೇಳ್ತಿಲ್ಲಮ್ಮ, ಎಲ್ರೂ ಹೇಳ್ತಾರೆ."

ಎಲ್ಲರೂ ಎಂದರೆ ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. "ನನ್ನ ಮೀನು ಎಸೆದವಳು ನನ್ನ ತಮ್ಮನ್ನೂ ಎಸೆದ್ಲು" ಅಂತ ನೀವು ಅಂದಾಗ ಈ ಊರಿನ ಮುಕ್ಕಾಲು ಪಾಲು ಜನ ಅಲ್ಲೇ ಊಟಕ್ಕೆ ಕೂತಿದ್ದರು. ನೀವು ಮತ್ತೆ ಬರೆಯುವುದಿಲ್ಲ ಅಂದಿರಿ. ನಾನು ಬರೆದಿದ್ದೇನೆ, ತಪ್ಪು ತಿಳಿಯಬೇಡಿ.

ಪಕ್ಕದ ಊರಿನವರು ಸಾಲಕ್ಕೆ ಒಣಮೀನು ಕೊಡಲು ಒಪ್ಪಿದ್ದಾರೆ. ಗಾಂಗ್‌ನುಂಗ್ ಸಂತೆಯಲ್ಲಿ ನಾನೇ ಕೂತು ಮಾರಬೇಕು. ಮೀನಿನ ಮೂಟೆಯನ್ನು ಬಸ್ಸಿಗೆ ಹತ್ತಿಸುವುದಿಲ್ಲ. ಮುಂಜಾನೆಯ ಮಂಜಿನಲ್ಲೇ ಘಾಟಿ ಇಳಿದರೆ ಜಾಗ ಸಿಗುತ್ತದೆ. ಹತ್ತು ಗಂಟೆಗೆ ಸ್ಟಾರ್ಟ್ ಆಗುವ ಕಾರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮುಂದೆ ಯಾವ ಸಾಮಾನು ಬದಲಾಯಿಸಬೇಕು ತಿಳಿಸಿ.

ಮಲ್‌ಸುನ್


ಸಿಯೋಲ್
22 ನವೆಂಬರ್ 1995

ಮಲ್‌ಸುನ್‌ಗೆ,

ಇನ್ನು ಉಳಿದದ್ದು ಕಿಡಿ ಹುಟ್ಟಿಸುವ ಕಾಯಿಲ್. ಕಾರಿಗೆ ವಯಸ್ಸಾದರೆ ಕಾಯಿಲಿಗೆ ತೇವ ಕಂಡರಾಗುವುದಿಲ್ಲ. ಹೊಸದನ್ನು ಯಾರೂ ಮಾಡುವುದಿಲ್ಲ. ಆ ಮಾದರಿಯ ಕಾರು ತಯಾರಾಗುವುದು ನಿಂತೇ ಎಷ್ಟೋ ವರ್ಷವಾಯಿತು. ಎದುರು ಸಾಲಿನ ಕ್ವಾಕ್ ಬಳಿ ಗುಜರಿಯಿಂದ ಬಂದ ಒಂದಿತ್ತು.

"ಇದೆ ಅಕ್ಕ, ಆದ್ರೆ ಕೊಡೋ ಮನಸ್ಸಿಲ್ಲ."

"ನಿನ್ನ ಮನಸ್ಸಿಗೆ ಎಷ್ಟಾಗುತ್ತೆ?"

"ಇಪ್ಪತ್ತೆರಡು ಸಾವಿರ."

"ಅಷ್ಟಕ್ಕೆ ಕಾರೇ ಕೊಡ್ತೀಯೇನೋ?"

"ಕಾರ್ ಬೇಕಾದ್ರೆ ಪುಕ್ಕಟೆ ಎಳ್ಕೊಂಡು ಹೋಗಿ. ಕಾಯಿಲ್ ಮಾತ್ರ ಇಪ್ಪತ್ತೆರಡು."

ಕೊಟ್ಟು ತಂದೆ. ನಿನಗೂ ಇಪ್ಪತ್ತೆರಡೇ. ಇದರಲ್ಲಿ ನನಗೇನೂ ಗಿಟ್ಟಲಿಲ್ಲ, ಯಾಕೆ ಅಂತ ಕೇಳಬೇಡ.

ಅಟ್ಟಣೆಯ ಕೆಲಸದ ಸುದ್ದಿ ಓದಿದೆ. ಜನರ ಬಾಯಿಗೆ ನಾನು ಬೀಗ ಮಾರುವವಳಲ್ಲ. ಇಷ್ಟು ಹೇಳು: ಇಗರ್ಜಿಗೆ ಹೋಗುವವಳಿಗೆ ಒಂದು ಒಣಮೀನು ಅಷ್ಟೇಕೆ ಕಣ್ಣು ಚುಚ್ಚಿತು? ಅದು ಅನ್ನ ಕೇಳುತ್ತಿತ್ತೇ, ಬಟ್ಟೆ ಕೇಳುತ್ತಿತ್ತೇ?

ಗಿಲ್‌ಜಾ


ಹ್ವೆಂಗ್ಯೆ
3 ಡಿಸೆಂಬರ್ 1995

ಅತ್ತಿಗೆಯವರಿಗೆ,

ಕಾಯಿಲ್ ಹಾಕಿಸಿದೆ. ಬಿಸಿಲಿಗೆ ಓಡುತ್ತದೆ, ತೇವಕ್ಕೆ ನಿಲ್ಲುತ್ತದೆ. ಮೊನ್ನೆ ಧೈರ್ಯ ಮಾಡಿ ಮಧ್ಯಾಹ್ನ ಮೂರು ಮೂಟೆ ಹಾಕಿಕೊಂಡು ಹೊರಟೆ. ಸೇತುವೆ ದಾಟುವಷ್ಟರಲ್ಲಿ ಹಸಿಮಂಜು ಶುರುವಾಯಿತು. ಕಾರು ಕುಂಟಲಿಲ್ಲ, ಕೆಮ್ಮಲಿಲ್ಲ. ಯಾರೋ ದೀಪ ಆರಿಸಿದ ಹಾಗೆ ಒಮ್ಮೆಗೇ ಸತ್ತಿತು. ಸೆಲ್ಫ್ ಹೊಡೆದರೆ ಇಂಜಿನ್ನು ಗಿರ್ ಅಂತ ಸುತ್ತುತ್ತಿತ್ತು, ಕಿಡಿ ಮಾತ್ರ ಇಲ್ಲ. ಇಬ್ಬರು ಸಿಪಾಯಿಗಳು ತಳ್ಳಿಕೊಟ್ಟರು. ಹೆಂಗಸು ಕಾರು ಓಡಿಸಿದರೆ ಇದೇ ಗತಿ ಅಂತ ನಗುತ್ತಾ ತಳ್ಳಿದರು.

ಆಗ ನಿಮ್ಮ ತಮ್ಮ ನೆನಪಾದರು. ಅವತ್ತು ಅವರಿಗೆ ಆದದ್ದೂ ಇದೇ ಅಲ್ಲವೇ? ಅವತ್ತೂ ಹಸಿಮಂಜೇ. "ಮಳೆ ಬಂದ್ರೆ ಇದಕ್ಕೆ ಮೂಗು ಕಟ್ಟುತ್ತೆ ಕಣೆ" ಅಂತ ಅವರು ಹೋಗುವ ಮೊದಲು ಎರಡು ಮೂರು ಸಲ ನಗೆಯಾಡಿದ್ದರು. ನಾನೂ ನಕ್ಕಿದ್ದೆ.

ಮೀನಿನ ಮಾತು ಕೇಳಿದಿರಿ. ಬೇಡ ಅಂದದ್ದು ನಿಜ. ಕಾಲ ಬಳಿ ಸತ್ತ ಮೀನು ತೂಗಾಡುತ್ತಿದ್ದರೆ ನನಗೆ ಕೂರಲು ಆಗುತ್ತಿರಲಿಲ್ಲ. ಆದರೆ ಎಸೆದವಳು ನಾನಲ್ಲ. ಮದುವೆಯಾದ ತಿಂಗಳಲ್ಲೇ ಒಂದು ದಿನ ಅವರು ಒಳಗೆ ಬಂದು ಖಾಲಿ ಕೈ ತೋರಿಸಿದರು. "ಎಸೆದೆ ಕಣೆ, ಸಮಾಧಾನ ಆಯ್ತಾ?" ಅಂದರು. ಸಾವಿನ ಮನೆಯಲ್ಲಿ ಇದನ್ನು ಹೇಳಲಿಲ್ಲ. ಸತ್ತವರ ಮೇಲೆ ಹಾಕಿ ನಾನು ಪಾರಾಗಬಾರದು ಅನ್ನಿಸಿತು. ಈ ವರ್ಷವೆಲ್ಲ ಮಲಗುವಾಗ, ನಾನು ಬೇಡ ಅನ್ನದಿದ್ದರೆ ಅಂತ ಒಂದು ಯೋಚನೆ ಬರುತ್ತದೆ. ಇಗರ್ಜಿಯಲ್ಲಿ ಯಾರ ಮುಂದೆಯೂ ಇದನ್ನು ಹೇಳುವಂತಿಲ್ಲ.

ಸಂತೆಗಾಗಿ ಕಾರು ಬೇಕು, ಅದು ಸುಳ್ಳಲ್ಲ. ಆದರೆ ಅವತ್ತು ಕಾರು ಯಾಕೆ ನಿಂತಿತು ಅಂತ ನನಗೆ ತಿಳಿಯಬೇಕು. ಇಪ್ಪತ್ತು ವರ್ಷದಿಂದ ಹಳೆಯ ಕಾರುಗಳನ್ನೇ ಬಿಚ್ಚುತ್ತಿರುವವರು ನೀವು. ಮೀನಿನಿಂದಲೇ ಅಂತಾದರೆ ಮೀನಿನಿಂದಲೇ ಅಂತ ಬರೆಯಿರಿ. ಒಪ್ಪಿಕೊಳ್ಳುತ್ತೇನೆ.

ಮಲ್‌ಸುನ್


ಸಿಯೋಲ್
9 ಡಿಸೆಂಬರ್ 1995

ಮಲ್‌ಸುನ್,

ದೀಪ ಆರಿಸಿದ ಹಾಗೆ ಸತ್ತಿತು ಅಂತ ಮೊದಲೇ ಬರೆದಿದ್ದರೆ ಕ್ವಾಕ್‌ಗೆ ಇಪ್ಪತ್ತೆರಡು ಸಾವಿರ ಸುರಿಯುತ್ತಿರಲಿಲ್ಲ. ಕಾಯಿಲ್ ಕೆಟ್ಟರೆ ಕಾರು ಕುಂಟಿಕೊಂಡು ಸಾಯುತ್ತದೆ. ಒಮ್ಮೆಗೇ ಸಾಯುವುದು, ಒಣಗಿದ ಮೇಲೆ ಏಳುವುದು ವೈರಿನ ಕೆಲಸ. ಎಲ್ಲೋ ವೈರಿನ ಸಿಪ್ಪೆ ಹೋಗಿ ಕಾರಿನ ಮೈಗೆ ತಾಗುತ್ತಿದೆ. ಒಣಗಿದ್ದರೆ ಸುಮ್ಮನಿರುತ್ತದೆ, ನೀರು ಬಿದ್ದರೆ ಕರೆಂಟು ಕಿಡಿಯಾಗುವ ಬದಲು ತಗಡಿಗೆ ಹರಿದುಹೋಗುತ್ತದೆ.

ಮೇಂಗ್ ಕೈಗೆ ಕೊಡಬೇಡ. ಅವನು ಮೇಲಿಂದ ಕಾಣುವುದನ್ನಷ್ಟೇ ನೋಡುವವನು. ನೀನೇ ನೋಡು. ಕಾಯಿಲಿನಿಂದ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಒಂದು ಸಣ್ಣ ವೈರು ಹೋಗುತ್ತದೆ. ಆ ಮಾದರಿಯಲ್ಲಿ ಅದು ಬ್ಯಾಟರಿಯ ತಟ್ಟೆಯ ಅಡಿಯಿಂದ ಹಾದುಹೋಗುತ್ತದೆ. ಬ್ಯಾಟರಿ ಇಳಿಸು, ತಟ್ಟೆಯ ನಾಲ್ಕು ಬೋಲ್ಟು ಬಿಚ್ಚಿ ಎತ್ತು, ವೈರಿನ ಉದ್ದಕ್ಕೂ ಬೆರಳಾಡಿಸು. ಹೊಸ ವೈರು ಎರಡು ಗಜ ಕಳಿಸಿದ್ದೇನೆ. ದುಡ್ಡು ಬೇಡ, ಅದು ಚೂರು ಸಾಮಾನು.

ಮೀನಿನ ವಿಷಯ. ನಿನಗೆ ಅವನು ಎಸೆದೆ ಅಂದನೇ? ಅದೇ ವರ್ಷದ ಸುಗ್ಗಿ ಹಬ್ಬಕ್ಕೆ ನನ್ನ ಮನೆಗೆ ಬಂದಾಗ ಕೇಳಿದ್ದೆ, ಸ್ಟೀರಿಂಗ್ ಕೆಳಗೆ ಮೀನು ಕಾಣುತ್ತಿಲ್ಲವಲ್ಲ ಅಂತ. "ಇದೆ ಅಕ್ಕ, ಭದ್ರವಾಗಿದೆ. ನಿನ್ನ ಮೀನು ಬಿಟ್ಟು ನಾನೆಲ್ಲಿ ಹೋಗ್ಲಿ" ಅಂದ. ಹೆಂಡತಿಯ ತಪ್ಪು ಮುಚ್ಚಿಡುತ್ತಿದ್ದಾನೆ ಅಂದುಕೊಂಡು ಸುಮ್ಮನಾದೆ. ನಮ್ಮಿಬ್ಬರಲ್ಲಿ ಒಬ್ಬಳಿಗೆ ಅವನು ಸುಳ್ಳು ಹೇಳಿದ್ದಾನೆ. ಯಾರಿಗೆ ಅಂತ ನನಗೆ ಅನುಮಾನವಿಲ್ಲ.

ವೈರು ನೋಡಿ ಬರೆ. ಬೇಗ ಬರೆ.

ಗಿಲ್‌ಜಾ


ಹ್ವೆಂಗ್ಯೆ
18 ಡಿಸೆಂಬರ್ 1995

ಅತ್ತಿಗೆ,

ಇದನ್ನು ಕೂತು ಓದಿ. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರು ಹೋದಮೇಲೆ ಓದಿ.

ನೀವು ಹೇಳಿದಂತೆ ಬ್ಯಾಟರಿ ಇಳಿಸಿದೆ. ಬೋಲ್ಟುಗಳು ತುಕ್ಕು ಹಿಡಿದಿದ್ದವು, ಮೇಂಗ್‌ನನ್ನು ಕರೆಯಲೇಬೇಕಾಯಿತು. ತಟ್ಟೆ ಎತ್ತಿದ ಕೂಡಲೇ ಅವನು ಹಿಂದಕ್ಕೆ ಸರಿದ.

"ಇದೇನ್ರೀ, ಇಲಿ ಸಂಸಾರ ಮಾಡಿದೆ ಇಲ್ಲಿ."

ಹುಲ್ಲು, ಹತ್ತಿ, ಕಾಗದದ ಚೂರುಗಳ ಗೂಡು. ಖಾಲಿಯಾಗಿತ್ತು. ಕೈಯಿಂದ ಬಿಡಿಸಿದೆ. ಒಳಗೆ ಬಿಳಿ ನೂಲು ಇತ್ತು. ನೂಲು ಎಳೆದೆ, ಬರಲಿಲ್ಲ. ತಟ್ಟೆಯ ಕೊಕ್ಕೆಗೆ ತಂತಿಯಿಂದ ಬಿಗಿದಿತ್ತು. ನೂಲಿನ ತುದಿಯಲ್ಲಿ ಮೀನಿನ ತಲೆ. ಬೆನ್ನಿನ ಮೂಳೆ ಸ್ವಲ್ಪ. ಬಾಕಿಯದನ್ನು ಇಲಿಗಳು ತಿಂದು ಮುಗಿಸಿದ್ದವು.

ಬೇರೆ ಯಾರದೋ ಮೀನಿರಬಹುದು ಅಂತ ಒಂದು ಗಳಿಗೆ ಅಂದುಕೊಂಡೆ. ಆಮೇಲೆ ಗಂಟು ನೋಡಿದೆ. ಎರಡು ಸುತ್ತು, ಬಾಲ ಒಳಗೆ. ನಿಮ್ಮ ಪೊಟ್ಟಣದ್ದೂ ಇದರದ್ದೂ ಒಂದೇ ಗಂಟು.

ಅವರು ನಮ್ಮಿಬ್ಬರಿಗೂ ಸುಳ್ಳು ಹೇಳಿದರು ಅತ್ತಿಗೆ. ಅಥವಾ ಇಬ್ಬರಿಗೂ ಅರ್ಧರ್ಧ ನಿಜ ಹೇಳಿದರು. ನನ್ನ ಕಣ್ಣಿಗೆ ಬೀಳದಿರಲಿ, ನಿಮ್ಮ ಮನಸ್ಸಿಗೆ ನೋವಾಗದಿರಲಿ ಅಂತ ಸ್ಟೀರಿಂಗ್ ಕೆಳಗಿನಿಂದ ಬಿಚ್ಚಿ ಬ್ಯಾಟರಿಯ ಕೆಳಗೆ ಕಟ್ಟಿಬಿಟ್ಟರು.

ವೈರು ಗೂಡಿನ ಪಕ್ಕದಲ್ಲೇ ಹಾದುಹೋಗಿತ್ತು. ಒಂದು ಗೇಣಿನಷ್ಟು ಉದ್ದಕ್ಕೆ ಸಿಪ್ಪೆಯೇ ಇಲ್ಲ, ಸಣ್ಣ ಸಣ್ಣ ಹಲ್ಲಿನ ಗುರುತು. ಅದು ತಾಗುತ್ತಿದ್ದ ತಗಡಿನ ಮೇಲೆ ಕರಿ ಕಲೆ. ಮೇಂಗ್ ಆ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಆಮೇಲೆ "ಅವತ್ತು ನಾನು ಬಾನೆಟ್ ಎತ್ತಿ ಹಾಗೇ ಮುಚ್ಚಿದೆ" ಅಂದ.

ಹೊಸ ವೈರು ಹಾಕಿದೆವು. ಕೊಡದಲ್ಲಿ ನೀರು ತಂದು ಇಂಜಿನ್ನಿನ ಪಕ್ಕಕ್ಕೆಲ್ಲ ಸುರಿದೆವು. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಇನ್ನೊಂದು ಕೊಡ ಸುರಿದೆವು. ನಿಲ್ಲಲಿಲ್ಲ. ನಾನು ಕೊಡ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎರಡು ಗಜ ವೈರು. ನೀವು ದುಡ್ಡು ಬೇಡ ಅಂದ ವೈರು.

ಹಳೆಯ ವೈರಿನ ಆ ಚೂರನ್ನು ಇದರ ಜೊತೆ ಇಟ್ಟಿದ್ದೇನೆ. ನೀವು ಕಣ್ಣಿಂದ ನೋಡದೆ ನಂಬುವವರಲ್ಲ. ತಲೆ ಮತ್ತು ನೂಲು ನನ್ನ ಬಳಿಯೇ ಇವೆ. ಎಸೆಯಲು ಕೈ ಬರಲಿಲ್ಲ.

ಮಲ್‌ಸುನ್


ಹ್ವೆಂಗ್ಯೆ
8 ಜನವರಿ 1996

ಅತ್ತಿಗೆಯವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಅಂಗಡಿಗೆ ಫೋನ್ ಮಾಡಿದೆ. ಯಾರೋ ಕ್ವಾಕ್ ಅನ್ನುವವರು ಎತ್ತಿದರು. "ಅಕ್ಕ ಅಂಗಡಿಗೆ ಬರ್ತಾರೆ, ಕೂರ್ತಾರೆ, ಹೋಗ್ತಾರೆ. ಇವತ್ತು ಒಬ್ಬನಿಗೆ ಬೆಲೆಯಲ್ಲಿ ಚೌಕಾಶಿ ಮಾಡ್ದೆ ಸಾಮಾನು ಕೊಟ್ರು. ನಮಗೆಲ್ಲ ಭಯ ಆಗಿದೆ" ಅಂದರು.

ನಾನೇ ಮೀನನ್ನು ಅಲ್ಲಿಟ್ಟು ಕಥೆ ಕಟ್ಟಿದೆ ಅಂತ ನಿಮಗೆ ಅನ್ನಿಸಿರಬಹುದು. ಅನ್ನಿಸಿದರೆ ತಪ್ಪಿಲ್ಲ. ಮೇಂಗ್‌ನನ್ನು ಕೇಳಿ, ಅವನು ಎದುರಿಗೇ ಇದ್ದ. ನಾನು ಊರಲ್ಲಿ ಯಾರಿಗೂ ಹೇಳಿಲ್ಲ. ಹೇಳಬೇಡ ಅಂತ ಅವನಿಗೂ ಹೇಳಿದ್ದೇನೆ. ಇದು ನಿಮ್ಮ ಮೀನು. ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಸಂತೆಗೆ ಹೋಗುತ್ತಿದ್ದೇನೆ. ಕಾರು ಮುಂಜಾನೆಯೇ ಸ್ಟಾರ್ಟ್ ಆಗುತ್ತದೆ.

ಇಪ್ಪತ್ತೇಳಕ್ಕೆ ಅವರು ಹೋಗಿ ವರ್ಷವಾಗುತ್ತದೆ. ನೀವು ನಿಮ್ಮ ಪದ್ಧತಿಯಂತೆ ಎಡೆ ಇಡುತ್ತೀರಿ. ನಾನು ಇಲ್ಲಿ ಪ್ರಾರ್ಥನೆ ಮಾಡಿಸುತ್ತೇನೆ.

ಮಲ್‌ಸುನ್


ಸಿಯೋಲ್
29 ಜನವರಿ 1996

ತಂಗಿ ಮಲ್‌ಸುನ್‌ಗೆ,

ಕಥೆ ಕಟ್ಟಿದೆ ಅಂತ ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಇಲಿಯ ಹಲ್ಲಿನ ಗುರುತನ್ನು ಯಾರೂ ನಕಲು ಮಾಡಲಾರರು. ವೈರಿನ ಚೂರನ್ನು ಗಲ್ಲಾದ ಮೇಲಿಟ್ಟುಕೊಂಡು ಕೂತಿದ್ದೆ. ನೋಡಿದಾಗಲೆಲ್ಲ ಅಲ್ಲಿಗೇ ನಿಲ್ಲುತ್ತಿದ್ದೆ. ಬರೆಯಲು ಕೂತರೆ ನಿನ್ನ ಹೆಸರು ಬರೆದ ಮೇಲೆ ಮುಂದಕ್ಕೆ ಹೋಗುತ್ತಿರಲಿಲ್ಲ.

ನಾನು ನಿಮ್ಮೂರಿಗೆ ಬಂದಿದ್ದೆ. ಇಪ್ಪತ್ತೈದರಂದು, ನೀನು ಸಂತೆಗೆ ಹೋದ ದಿನ. ಸಂತೆಯ ದಿನವೆಂದು ವಿಚಾರಿಸಿಕೊಂಡೇ ಬಂದೆ.

ಬಸ್ಸಿಳಿದು ನೇರ ತಾಕ್ ಯಜಮಾನರ ಅಟ್ಟಣೆಗೆ ಹೋದೆ. ಸಾವಿರಾರು ಮೀನು ಜೋಡಿಜೋಡಿಯಾಗಿ ತೂಗುತ್ತಿದ್ದವು. ಅವತ್ತು ನನಗೆ ತಲೆ ಎತ್ತಿ ಅವುಗಳನ್ನು ನೋಡಲಾಗಲಿಲ್ಲ. ಮೇಸ್ತ್ರಿ ಅಜ್ಜಿ ಗುರುತು ಹಿಡಿದಳು.

"ಸಿಯೋಲ್ ಅಕ್ಕ ಅಲ್ವಾ? ಬನ್ನಿ, ಬಿಸಿ ಸಾರು ಕುಡೀರಿ."

"ಸಾರು ಆಮೇಲೆ. ಎಲ್ಲರನ್ನೂ ಕರೀರಿ, ಒಂದು ಸಾಮಾನು ತೋರಿಸ್ಬೇಕು."

ವೈರನ್ನು ಕೈಯಿಂದ ಕೈಗೆ ಕೊಟ್ಟೆ. "ಇಲಿ ಕಡಿದಿರೋದು" ಅಂದಳು ಒಬ್ಬಳು. ಯಾಕೆ ಕಡಿಯಿತು ಅಂತ ಕೇಳಿದೆ. "ಮೀನಿನ ವಾಸನೆಗೆ. ನಮ್ಮ ಗಂಬೂಟನ್ನೇ ಬಿಡಲ್ಲ ಅವು." ಹಾಗಾದರೆ ಕಾರಿನೊಳಗೆ ಮೀನು ಯಾರು ಕಟ್ಟಿದ್ದು ಅಂತ ಕೇಳಿದೆ.

"ನಾನು" ಅಂದೆ. "ಅವಳು ಎಸಿ ಅಂದ್ಲು. ಅವನು ಎಸೀಲಿಲ್ಲ, ನನಗೆ ಹೆದರಿ ಬ್ಯಾಟರಿ ಕೆಳಗೆ ಬಚ್ಚಿಟ್ಟ. ಎಸೆದಿದ್ರೆ ಇವತ್ತು ನನ್ನ ತಮ್ಮ ಬದುಕಿರ್ತಿದ್ದ. ಅವಳ ಮಾತೇ ಸರಿ ಇತ್ತು. ಸಾವಿನ ಮನೇಲಿ ಊಟಕ್ಕೆ ಕೂತಿದ್ದ ಎಲ್ಲರೂ ಇದನ್ನೂ ಕೇಳಿಸ್ಕೊಳ್ಳಿ."

ಗಾಳಿಗೆ ಮೀನುಗಳು ಒಂದಕ್ಕೊಂದು ಬಡಿಯುತ್ತಿದ್ದವು. ತಾಕ್ ಯಜಮಾನರು ವೈರನ್ನು ಪಕ್ಕದವರ ಕೈಗೆ ಕೊಟ್ಟು ಎದ್ದರು. ನನ್ನನ್ನು ಸಮಾಧಾನ ಮಾಡಲು ಬರುತ್ತಿದ್ದಾರೆ ಅಂದುಕೊಂಡೆ. ಅವರು ನೇರ ತಮ್ಮ ಲಾರಿಯ ಬಳಿಗೆ ಹೋಗಿ ಬಾನೆಟ್ ಎತ್ತಿದರು. ಅವರ ಹಿಂದೆ ಇನ್ನಿಬ್ಬರು ತಮ್ಮ ಗಾಡಿಗಳತ್ತ ಓಡಿದರು. ಸ್ವಲ್ಪ ಹೊತ್ತಿಗೆ ಯಜಮಾನರು ನೂಲು ಸುತ್ತಿದ ಮೀನೊಂದನ್ನು ಬಾಲ ಹಿಡಿದು ತಂದು ನನ್ನ ಮುಂದೆ ನಿಂತರು. ಅರ್ಧ ತಿಂದುಹೋಗಿತ್ತು.

"ಇದನ್ನೀಗ ಏನ್ ಮಾಡ್ಲಿ?" ಅಂದರು.

"ನನ್ನ ಕೇಳ್ತೀರಾ?" ಅಂದೆ.

ಅಜ್ಜಿ ನಿನ್ನನ್ನು ಕೆಲಸಕ್ಕೆ ಕರೆಯುತ್ತಾಳೆ. ಹೋಗುವುದು ಬಿಡುವುದು ನಿನ್ನ ಇಷ್ಟ. ಹೋದರೆ ಕೂಲಿ ಹೆಚ್ಚಿಗೆ ಕೇಳು.

ಯಜಮಾನರು ತಮ್ಮ ಲಾರಿಯಲ್ಲೇ ನನ್ನನ್ನು ಘಾಟಿಯ ಆ ತಿರುವಿನವರೆಗೆ ಕರೆದೊಯ್ದರು. ಇಳಿದು ನಿಂತೆ. ಹಸಿಮಂಜು ಬೀಳಲು ಶುರುವಾಗಿತ್ತು. ಕೆಳಗಿನಿಂದ ನಿನ್ನ ಕಾರು ಹತ್ತಿ ಬಂತು. ಇಂಜಿನ್ನಿನ ಸದ್ದು ದೂರದಿಂದಲೇ ಗುರುತು ಸಿಕ್ಕಿತು. ಪಾಯಿಂಟ್ ಸರಿಯಾಗಿ ಕೂತಿದೆ. ನೀನು ಲಾರಿಯನ್ನು ನೋಡಿ ಹಾರ್ನ್ ಹೊಡೆದೆ. ನಾನು ಲಾರಿಯ ಮರೆಗೆ ಸರಿದುಕೊಂಡೆ. ಕಾರು ಅದೇ ತಿರುವನ್ನು ದಾಟಿ ಹೋಯಿತು. ನಿಲ್ಲಲಿಲ್ಲ.

ಇಪ್ಪತ್ತು ವರ್ಷದಿಂದ ನಾನು ಸಾಮಾನು ಮಾರಿದ ಪ್ರತಿ ಹಳೆಯ ಕಾರಿಗೂ ಒಂದು ಮೀನು ಕಟ್ಟಿ ಕೊಟ್ಟಿದ್ದೇನೆ, ಪುಕ್ಕಟೆ. ಅದರಿಂದಲೇ ನನ್ನ ಅಂಗಡಿಗೆ ಹೆಸರು. ಈಗ ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡುತ್ತಿದ್ದೇನೆ. ಬಾನೆಟ್ ಎತ್ತಿ ನೋಡಿ ಅನ್ನುತ್ತೇನೆ. ಕೆಲವರು ನಗುತ್ತಾರೆ. ಎತ್ತಿ ನೋಡಿದ ಇಬ್ಬರು ನಗಲಿಲ್ಲ.

ಕ್ಷಮಿಸು ಅಂತ ಕೇಳುವುದಿಲ್ಲ. ಅದನ್ನು ಕೊಡುವ ಭಾರವನ್ನೂ ನಿನ್ನ ಮೇಲೆ ಹಾಕಿದರೆ ಅದು ಇನ್ನೊಂದು ತಪ್ಪು. ಮೊದಲ ಕಾಗದದಲ್ಲಿ ಖರ್ಚು ಬರೆದಿದ್ದೆ. ಈಗ ಯಾರಿಗೆ ಏನು ಸಿಕ್ಕಿತು ಅದನ್ನು ಬರೆದು ಮುಗಿಸುತ್ತೇನೆ.

ಕ್ವಾಕ್‌ಗೆ, ಬೇಡದ ಕಾಯಿಲಿಗೆ ಇಪ್ಪತ್ತೆರಡು ಸಾವಿರ.
ಇಲಿಗಳಿಗೆ, ಒಂದು ಮೀನು ಮತ್ತು ಬೆಚ್ಚಗಿನ ಮನೆ.
ಮೇಂಗ್‌ಗೆ, ಬಾನೆಟ್ ಎತ್ತಿದ ಮೇಲೆ ಬ್ಯಾಟರಿಯನ್ನೂ ಎತ್ತುವ ಬುದ್ಧಿ.
ಚಿಲ್‌ಬೊಕ್‌ಗೆ, ಇಬ್ಬರು ಹೆಂಗಸರ ನಡುವೆ ಮೂರು ವರ್ಷ ಜಗಳವಿಲ್ಲದ ಊಟ.
ನಿನಗೆ, ತೇವದಲ್ಲೂ ಸ್ಟಾರ್ಟ್ ಆಗುವ ಕಾರು. ನಿನ್ನ ಹೆಸರು, ಒಂದು ವರ್ಷ ತಡವಾಗಿ.
ನನಗೆ, ಒಂದು ಗೇಣು ವೈರು.

ಗಿಲ್‌ಜಾ